ವರ್ದಿ, ತಕರಾರು, ಲೇಬಲ್: ಕೋಡ್ ಬರೆಯುವ ಯಂತ್ರಗಳ ಸರದಿಯನ್ನು ಕುರಿತು ಒಂದು ಟಿಪ್ಪಣಿ

ಹೊಲ ಖರೀದಿ ಮಾಡಿದ ರೈತ ತಹಶೀಲ್ದಾರ ಕಚೇರಿಗೆ ಬಂದು ತನ್ನ ಹಕ್ಕು ಬದಲಾವಣೆಯ ಬಗ್ಗೆ ಕೇಳುವ ಪ್ರಶ್ನೆ ವಿಜಯಪುರ ಸೀಮೆಯ ಇಂಡಿಯಲ್ಲಾಗಲಿ ಸಿಂದಗಿಯಲ್ಲಾಗಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಾಗಲಿ ಒಂದೇ: ‘ಸಾಹೇಬ್ರ, ನಮ್ಮ ವರ್ದಿ ಎಲ್ಲೀತನಕ ಬಂದೈತ್ರಿ?’ ಉತ್ತರವೂ ಎರಡು ಮೂರು ಪದದ್ದು. ‘ನೋಟಿಸ್‌ನ್ಯಾಗ ಐತಿ.’ ‘ಸರ್ಕಲ್ ಸಾಹೇಬ್ರ ಕಡೆ ಐತಿ.’ ‘ತಕರಾರ ಬಿದ್ದೈತಿ.’ ಕೇಳಿದವನಿಗೆ ಅಷ್ಟು ಸಾಕು. ಕೆಲಸ ಯಾವ ಹಂತಕ್ಕೆ ಬಂದಿದೆ, ಮುಂದೆ ಕೈ ಹಾಕಬೇಕಾದವರು ಯಾರು, ಅವರು ಕೈ ಹಾಕುವ ತನಕ ಉಳಿದವರು ಏನನ್ನು ಮಾಡಕೂಡದು ಎಂಬ ಮೂರೂ ಸಂಗತಿ ಆ ಒಂದು ಮಾತಿನಲ್ಲಿ ಅಡಗಿವೆ.

ಎ.ಐ. ಏಜೆಂಟುಗಳಿಂದ ಕೋಡ್ ಬರೆಸುವ ತಂಡಗಳು ಈಗ ಹುಡುಕುತ್ತಿರುವುದು ಇಂಥದೇ ಮಾತನ್ನು. ಹಲವು ಯಂತ್ರಗಳು ಮತ್ತು ಕೆಲವೇ ಮನುಷ್ಯರು ಒಂದೇ ಕೋಡಿನ ಮೇಲೆ ಕೆಲಸ ಮಾಡುವಾಗ ಯಾರ ಸರದಿ ಯಾವಾಗ ಎಂದು ತಿಳಿಸುವುದಕ್ಕೆ ಅವರು ಹೆಚ್ಚಾಗಿ ನೆಚ್ಚಿರುವುದು ಇಶ್ಯೂಗಳಿಗೆ ಅಂಟಿಸುವ ಲೇಬಲ್ಲುಗಳನ್ನು. ಲೇಬಲ್ಲಿನ ಬಲ ಅದರ ಮೇಲಿನ ಪದದಿಂದ ಬರುವುದಿಲ್ಲ, ಅದನ್ನು ಅಂಟಿಸುವ ಮತ್ತು ಕೀಳುವ ಹಕ್ಕು ಯಾರದೆಂಬ ಕಟ್ಟಳೆಯಿಂದ ಬರುತ್ತದೆ ಎಂಬುದು ಈ ಟಿಪ್ಪಣಿಯ ವಾದ. ಅಂಥ ಕಟ್ಟಳೆಯನ್ನು ನೂರು ವರ್ಷಕ್ಕೂ ಮೀರಿ ಕಾಗದದ ಮೇಲೆ, ಆಮೇಲೆ ಗಣಕದ ಮೇಲೆ ನಡೆಸಿಕೊಂಡು ಬಂದ ಹಕ್ಕು ಬದಲಾವಣೆಯ ಪದ್ಧತಿ ಈ ನಾಲ್ಕು ತಾಲ್ಲೂಕುಗಳ ಪ್ರತಿ ರೈತನ ಮನೆಗೂ ಪರಿಚಿತ. ಆದ್ದರಿಂದ ಎರಡನ್ನೂ ಎದುರುಬದುರು ಇಟ್ಟು ನೋಡಿದ್ದೇನೆ. ಏಜೆಂಟ್ ಎಂಬ ಪದಕ್ಕೆ ಕಚೇರಿಯ ಆವರಣದಲ್ಲಿ ಬೇರೆಯದೇ ಅರ್ಥ ರೂಢಿಯಲ್ಲಿರುವುದರಿಂದ ಇಲ್ಲಿ ಬರುವ ಏಜೆಂಟ್ ಎಂದರೆ ಯಂತ್ರವೇ, ಮನುಷ್ಯನಲ್ಲ, ಎಂದು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಲೇಬಲ್ಲಿನ ಕಡೆಯಿಂದ. ಗಿಟ್‌ಹಬ್ ಎಂಬ, ಕೋಡನ್ನು ಇಟ್ಟು ಹಂಚಿಕೊಳ್ಳುವ ತಾಣ 2008ರಲ್ಲಿ ಆರಂಭವಾಯಿತು. ತಂತ್ರಾಂಶದಲ್ಲಿ ಕಂಡ ದೋಷ, ಬೇಕೆನಿಸಿದ ಹೊಸ ಸೌಲಭ್ಯ, ಕೇಳಬೇಕಾದ ಪ್ರಶ್ನೆ ಎಲ್ಲವನ್ನೂ ಅಲ್ಲಿ ಇಶ್ಯೂ ಎಂದು ದಾಖಲಿಸುತ್ತಾರೆ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಬೀಳುತ್ತದೆ. ಹೊಸ ರೆಪೊಸಿಟರಿ, ಅಂದರೆ ಕೋಡಿನ ಉಗ್ರಾಣ, ತೆರೆದಾಗ ಬಗ್, ಡಾಕ್ಯುಮೆಂಟೇಶನ್, ಡುಪ್ಲಿಕೇಟ್, ಹೆಲ್ಪ್ ವಾಂಟೆಡ್ ಮುಂತಾದ 9 ಲೇಬಲ್ಲುಗಳು ತಾವಾಗಿಯೇ ಬಂದಿರುತ್ತವೆ. ಬಹುಕಾಲ ಇವು ಓದುವವರ ಅನುಕೂಲಕ್ಕೆ ಹಚ್ಚಿದ ಬಣ್ಣದ ಚೀಟಿಗಳಾಗಿದ್ದವು. 2019ರಲ್ಲಿ ಗಿಟ್‌ಹಬ್ ಆಕ್ಷನ್ಸ್ ಎಲ್ಲರ ಕೈಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಇಶ್ಯೂಗೆ ಲೇಬಲ್ ಬಿದ್ದ ಕ್ಷಣವೇ ಒಂದು ಘಟನೆಯಾಗಿ ಎಣಿಕೆಯಾಗಿ, ಆ ಘಟನೆಯಿಂದ ಯಾವುದಾದರೂ ಕೆಲಸ ತಾನಾಗಿ ಶುರುವಾಗುವಂತೆ ಮಾಡಬಹುದಾಯಿತು. ಎ.ಐ. ಏಜೆಂಟುಗಳು ಬಂದದ್ದು ಇದೇ ಬಾಗಿಲಿನಿಂದ. ಓಪನ್‌ಹ್ಯಾಂಡ್ಸ್ ಎಂಬ ಮುಕ್ತ ತಂತ್ರಾಂಶಕ್ಕೆ ‘ಫಿಕ್ಸ್-ಮಿ’ ಎಂಬ ಲೇಬಲ್ ಸಾಕು, ಗೂಗಲ್‌ನ ಜೂಲ್ಸ್‌ಗೆ ‘ಜೂಲ್ಸ್’ ಎಂಬ ಲೇಬಲ್, ಆಂಥ್ರೋಪಿಕ್‌ನ ಕ್ಲಾಡ್ ಕೋಡ್ ಆಕ್ಷನ್‌ಗೆ ‘ಕ್ಲಾಡ್’ ಎಂಬ ಲೇಬಲ್. ಚೀಟಿ ಬಿದ್ದೊಡನೆ ಯಂತ್ರ ಇಶ್ಯೂವನ್ನು ಓದಿ, ಕೋಡಿನ ಒಂದು ಪ್ರತಿ ತೆಗೆದು, ಬೇರೆ ಬ್ರಾಂಚಿನಲ್ಲಿ ತಿದ್ದಿ, ಪರೀಕ್ಷೆಗಳನ್ನು ಓಡಿಸಿ, ತಿದ್ದಿದ್ದನ್ನು ಮೂಲ ಕೋಡಿಗೆ ಸೇರಿಸಿಕೊಳ್ಳಿ ಎಂಬ ಕೋರಿಕೆಯನ್ನು, ಅಂದರೆ ಪುಲ್ ರಿಕ್ವೆಸ್ಟನ್ನು, ಸಲ್ಲಿಸುತ್ತದೆ. ಓದುವವರ ಅನುಕೂಲಕ್ಕಿದ್ದ ಚೀಟಿ ಹೀಗೆ ಆಜ್ಞಾಪತ್ರವಾಯಿತು. ಚೀಟಿಯ ಸುತ್ತಲಿನ ಕಟ್ಟಳೆಗಳು ಮಾತ್ರ ಅಷ್ಟೇ ವೇಗದಲ್ಲಿ ಬೆಳೆಯಲಿಲ್ಲ.

ಇನ್ನು ವರ್ದಿ. ವಿಜಯಪುರ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1903ರ ಕಾಯ್ದೆಯಿಂದ ಹಕ್ಕುಗಳ ದಾಖಲೆ ಕ್ರಮಬದ್ಧವಾಯಿತು. 1913ರಲ್ಲಿ ಅದನ್ನು ಮುಂಬೈ ಭೂಕಂದಾಯ ಸಂಹಿತೆಯೊಳಗೇ ಸೇರಿಸಿದರು. ಊರಿನ ಲೆಕ್ಕದ ನಮೂನೆಗಳಲ್ಲಿ 6ನೆಯದು ಹಕ್ಕು ಬದಲಾವಣೆಯ ಪುಸ್ತಕ, 6-ಅ ತಕರಾರುಗಳ ಪುಸ್ತಕ, 7 ಮತ್ತು 12 ಕೂಡಿಸಿದ್ದು ಹೊಲದ ಉತಾರ. ಇಂಡಿ ತಾಲ್ಲೂಕಿನ ಗಡಿ ದಾಟಿ ಜತ್ತ, ಅಕ್ಕಲಕೋಟ, ಮಂಗಳವೇಢೆಯ ಕನ್ನಡ ಮನೆಗಳಿಗೆ ಹೋದರೆ ಇಂದಿಗೂ ‘ಸಾತ್ ಬಾರಾ’, ‘ಫೇರಫಾರ’ ಎಂಬ ಮಾತೇ ಕೇಳುತ್ತದೆ. ಈಚೆ ಬದಿಯಲ್ಲಿ ನಮೂನೆಯ ಸಂಖ್ಯೆ ಬದಲಾಗಿ ಪಹಣಿ 16ನೇ ನಮೂನೆಯಾದರೂ ಉತಾರ, ವರ್ದಿ, ತಕರಾರು ಎಂಬ ಪದಗಳು ಉಳಿದುಕೊಂಡವು. ವಂಶಪಾರಂಪರ್ಯವಾಗಿ ಲೆಕ್ಕ ಹಿಡಿದಿದ್ದ ಕುಲಕರ್ಣಿಕೆ 1950ರ ಮುಂಬೈ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದಿಯಾತಿ ಕಾಯ್ದೆಯಿಂದ ಹೋಯಿತು. ಹಿರಿಯರ ಬಾಯಲ್ಲಿ ಇನ್ನೂ ತಲಾಠಿಯಾಗಿರುವ ಗ್ರಾಮ ಲೆಕ್ಕಾಧಿಕಾರಿಗೆ ಈಗ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರು.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಮಿನ ಪ್ರಕಾರ ಹೊಲದ ಮೇಲೆ ಹಕ್ಕು ಪಡೆದವನು ಮೂರು ತಿಂಗಳೊಳಗೆ ವರದಿ ಕೊಡಬೇಕು. ಅದೇ ವರ್ದಿ. 129ನೇ ಕಲಮಿನಲ್ಲಿ ಮುಂದಿನ ದಾರಿ ಇದೆ: ವರ್ದಿಯನ್ನು ಪುಸ್ತಕಕ್ಕೆ ಏರಿಸುವುದು, ಸಂಬಂಧಪಟ್ಟವರಿಗೆ ನೋಟಿಸು ಕೊಡುವುದು, ಚಾವಡಿಯಲ್ಲಿ ಪ್ರಕಟಿಸುವುದು. ಆಕ್ಷೇಪಣೆ ಬಂದರೆ ಅದನ್ನು ಬೇರೆಯದೇ ಪುಸ್ತಕದಲ್ಲಿ ಬರೆದು ವಿಚಾರಣೆಗೆ ಒಪ್ಪಿಸಬೇಕು. ಬಾರದಿದ್ದರೆ ಪ್ರಮಾಣೀಕರಿಸಿ ಹಕ್ಕು ದಾಖಲೆಗೆ ಇಳಿಸಬೇಕು. ಭೂಮಿ ಯೋಜನೆ ಈ ದಾರಿಯನ್ನೇ ಗಣಕಕ್ಕೆ ತಂದಿತು. 2002ರ ಹೊತ್ತಿಗೆ ರಾಜ್ಯದ ಅಂದಿನ ಎಲ್ಲ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳೊಂದಿಗೆ ಅದು ನಡೆಯುತ್ತಿತ್ತು. ಆಗ ಒಂದು ಪಹಣಿಗೆ 15 ರೂಪಾಯಿ ಇತ್ತು. ಕೈಬರಹದ ಉತಾರಗಳ ಮಾನ್ಯತೆಯನ್ನು ರದ್ದು ಮಾಡಲಾಯಿತು. ನೌಕರರು ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಿತ್ತು, ಮೊದಲು ಬಂದ ಅರ್ಜಿ ಮೊದಲು ಎಂಬ ಸರದಿಯನ್ನು ಮೀರುವಂತಿರಲಿಲ್ಲ, ಆಗಿನ ನೋಟಿಸಿನ ಅವಧಿ 30 ದಿನ. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾದ ಮೇಲೆ ವಿಜಯಪುರದಲ್ಲಿ ಉಳಿದದ್ದು ಜಿಲ್ಲಾಕೇಂದ್ರದ ತಾಲ್ಲೂಕು ಮತ್ತು ಈ ನಾಲ್ಕು. ಈಚಿನ ವರ್ಷಗಳಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಒಡೆದುಕೊಂಡವು. ಕಚೇರಿಗಳು ಹೆಚ್ಚಿದರೂ ವರ್ದಿಯ ಹಂತಗಳ ಹೆಸರು ಬದಲಾಗಲಿಲ್ಲ.

ಇಲ್ಲಿಂದ ಹೋಲಿಕೆಗೆ ಬರುತ್ತೇನೆ. ಲೇಬಲ್ಲುಗಳಲ್ಲಿ ಎರಡು ಜಾತಿ ಇವೆ, ಇವನ್ನು ಬೆರೆಸಿದಲ್ಲೇ ಅರ್ಧ ತೊಡಕು ಹುಟ್ಟುತ್ತದೆ. ಬಾಗೇವಾಡಿಯ ನೆಲದಿಂದಲೇ ಒಂದು ಉದಾಹರಣೆ ಕೊಡಬಹುದು. ವಚನದ ಕೊನೆಯ ಅಂಕಿತ ವಚನಕಾರರು ಯಾರೆಂದು ಹೇಳುತ್ತದೆ, ಮತ್ತು ಅದು ಬದಲಾಗುವಂಥದಲ್ಲ. ಬದಲಾದರೆ ಸಂಪಾದಕರಿಗೆ ದೊಡ್ಡ ಕೆಲಸ ಬೀಳುತ್ತದೆ. ‘ಬಗ್’, ‘ಡಾಕ್ಯುಮೆಂಟೇಶನ್’ ಎಂಬ ಲೇಬಲ್ಲುಗಳು ಅಂಕಿತದ ಜಾತಿಯವು, ಇಶ್ಯೂವಿನ ಸ್ವರೂಪವನ್ನು ಹೇಳುತ್ತವೆ. ‘ಏಜೆಂಟಿಗೆ ಸಿದ್ಧ’, ‘ಪರಿಶೀಲನೆ ಬೇಕು’ ಎಂಬವು ವರ್ದಿಯ ಹಂತದ ಜಾತಿಯವು. ಇವು ಬರಬೇಕು, ಹೋಗಬೇಕು. ಒಂದು ಹೊತ್ತಿಗೆ ಒಂದೇ ಇರಬೇಕು. ಗಿಟ್‌ಹಬ್ ಈ ಎರಡು ಜಾತಿಗಳನ್ನು ಬೇರೆ ಮಾಡಿ ನೋಡುವುದಿಲ್ಲ. ‘ಸಿದ್ಧ’ ಮತ್ತು ‘ತಡೆದಿದೆ’ ಎರಡನ್ನೂ ಒಂದೇ ಇಶ್ಯೂಗೆ ಅಂಟಿಸಿದರೂ ಅದು ಸುಮ್ಮನಿರುತ್ತದೆ. ಗಿಟ್‌ಲ್ಯಾಬ್ ಎಂಬ ಅದೇ ಬಗೆಯ ಇನ್ನೊಂದು ತಾಣ 2019ರಲ್ಲಿ ತಂದ ಸ್ಕೋಪ್ಡ್ ಲೇಬಲ್ಲುಗಳಲ್ಲಿ ಹೆಸರಿನ ನಡುವೆ ಎರಡು ಜೋಡಿ ಚುಕ್ಕೆ ಇಟ್ಟರೆ ಆ ಗುಂಪಿನ ಹೊಸ ಲೇಬಲ್ ಹಳೆಯದನ್ನು ತಾನೇ ತೆಗೆದುಹಾಕುತ್ತದೆ. ಭೂಮಿಯಲ್ಲಿ ಇದಕ್ಕೆ ಪ್ರತ್ಯೇಕ ಏರ್ಪಾಡು ಬೇಕಾಗಲಿಲ್ಲ. ಅರ್ಜಿ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಸರಿಯುತ್ತದೆ, ಏಕಕಾಲಕ್ಕೆ ಎರಡು ಕಡೆ ಇರಲು ಸಾಧ್ಯವಿಲ್ಲ.

ಅಂಟಿಸುವ ಹಕ್ಕಿನ ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಸಾರ್ವಜನಿಕ ರೆಪೊಸಿಟರಿಯಲ್ಲಿ ಇಶ್ಯೂವನ್ನು ಯಾರು ಬೇಕಾದರೂ ಬರೆಯಬಹುದು, ಲೇಬಲ್ ಹಚ್ಚಲು ಮಾತ್ರ ಕನಿಷ್ಠ ಟ್ರಯಾಜ್ ಮಟ್ಟದ ಅನುಮತಿ ಬೇಕು. ಈ ಅಂತರವೇ ಏಜೆಂಟ್ ನಡೆಸುವ ಕೆಲಸದ ಮೊದಲ ಬೇಲಿ. ಅಪರಿಚಿತರು ಬರೆದ ಇಶ್ಯೂವಿನ ಪಠ್ಯದಲ್ಲಿ ‘ಹಿಂದಿನ ಸೂಚನೆಗಳನ್ನು ಬಿಟ್ಟು ಇದನ್ನು ಮಾಡು’ ಎಂಬಂಥ ಮಾತು ಅಡಗಿರಬಹುದು. ಭಾಷಾಮಾದರಿಗೆ ಓದುವ ಪಠ್ಯ ಯಾವುದು, ಪಾಲಿಸುವ ಆಜ್ಞೆ ಯಾವುದು ಎಂದು ಖಚಿತವಾಗಿ ಬೇರ್ಪಡಿಸಲು ಇನ್ನೂ ಬರುವುದಿಲ್ಲ. ನಂಬಿಕೆಯ ಮನುಷ್ಯನೊಬ್ಬ ಓದಿ ಲೇಬಲ್ ಹಚ್ಚುವುದೆಂದರೆ ಅಪರಿಚಿತರ ಬರಹವನ್ನು ತನ್ನ ಹೊಣೆಯ ಮೇಲೆ ಒಳಗೆ ಬಿಟ್ಟುಕೊಳ್ಳುವುದು. ವರ್ದಿಯಲ್ಲೂ ಹಾಗೆಯೇ: ಹಕ್ಕು ಪಡೆದ ಯಾರು ಬೇಕಾದರೂ ಅದನ್ನು ಕೊಡಬಹುದು, ಪುಸ್ತಕಕ್ಕೆ ಏರಿಸುವವರು ಬೇರೆ, ತಕರಾರಿಲ್ಲದ್ದನ್ನು ಮಂಜೂರು ಮಾಡುವ ಕಂದಾಯ ನಿರೀಕ್ಷಕರು ಇನ್ನೂ ಬೇರೆ. ಬರೆದ ಕೈ ಮಂಜೂರು ಮಾಡಕೂಡದು ಎಂಬ ತತ್ತ್ವ ಎರಡೂ ಕಡೆ ಒಂದೇ. ಗಿಟ್‌ಹಬ್‌ನಲ್ಲಿ ತನ್ನ ಪುಲ್ ರಿಕ್ವೆಸ್ಟಿಗೆ ತಾನೇ ಒಪ್ಪಿಗೆ ಕೊಡಲಾಗದು. 2025ರ ಮೇ ತಿಂಗಳಲ್ಲಿ ಬಂದ ಕೋಪೈಲಟ್ ಕೋಡಿಂಗ್ ಏಜೆಂಟ್ ಈ ತತ್ತ್ವವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದಿತು: ಯಂತ್ರಕ್ಕೆ ಕೆಲಸ ಹಚ್ಚಿದ ಮನುಷ್ಯನ ಒಪ್ಪಿಗೆಯೂ ಲೆಕ್ಕಕ್ಕೆ ಬಾರದು, ಮೂರನೆಯವರು ನೋಡಬೇಕು. ಇದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಯಂತ್ರ ಹಚ್ಚಿದವನ ಕೈಯ ಮುಂದುವರಿಕೆಯೇ ಆಗಿರುವಾಗ ಅವನ ಒಪ್ಪಿಗೆ ತನಗೆ ತಾನೇ ಕೊಟ್ಟುಕೊಂಡ ಒಪ್ಪಿಗೆಯಾಗುತ್ತದೆ.

ಹೋಲಿಕೆಯ ಮೂರನೆಯ ಸಂಗತಿ, ಲೇಬಲ್ ಬಿದ್ದ ಮೇಲೆ ಪಠ್ಯ ಬದಲಾಗುವುದು. ಇದರ ಮೇಲೆ ಕೊಂಚ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಬುದ್ಧಿವಂತ ತಂಡಗಳೂ ಎಡವುವುದು ಇಲ್ಲಿಯೇ. ಲೇಬಲ್ ಅಂಟಿಸಿದ ಗಳಿಗೆಯಲ್ಲಿ ಇಶ್ಯೂ ಒಂದು ಬಗೆಯಲ್ಲಿರುತ್ತದೆ. ಏಜೆಂಟ್ ಅದನ್ನು ಓದುವ ಗಳಿಗೆಯಲ್ಲಿ ಬೇರೆ ಬಗೆಯಲ್ಲಿರಬಹುದು, ಏಕೆಂದರೆ ಬರೆದವರಿಗೆ ತಮ್ಮ ಇಶ್ಯೂವನ್ನು ತಿದ್ದುವ ಅವಕಾಶ ಇದ್ದೇ ಇರುತ್ತದೆ. ಪರಿಶೀಲಿಸಿದ್ದು ಒಂದು ಪಠ್ಯ, ಜಾರಿಗೆ ಹೋದದ್ದು ಇನ್ನೊಂದು. ಎ.ಐ. ಏಜೆಂಟುಗಳಿಗಿಂತ ಮುಂಚೆಯೇ ಇದು ಗೊತ್ತಿದ್ದ ಅಪಾಯ. ಹೊರಗಿನವರ ಪುಲ್ ರಿಕ್ವೆಸ್ಟುಗಳಿಗೆ ‘ಸೇಫ್ ಟು ಟೆಸ್ಟ್’ ಎಂಬ ಲೇಬಲ್ ಹಚ್ಚಿ ಪರೀಕ್ಷೆ ಓಡಿಸುವ ರೂಢಿ ಇತ್ತು. ಲೇಬಲ್ ಬಿದ್ದ ಮೇಲೆ, ಪರೀಕ್ಷೆ ಶುರುವಾಗುವ ಮುನ್ನ, ಹೊಸ ಕೋಡ್ ತಳ್ಳಿದರೆ ರಹಸ್ಯ ಕೀಲಿಗಳೇ ಹೊರಗೆ ಹೋಗಬಹುದೆಂದು ಗಿಟ್‌ಹಬ್‌ನ ಭದ್ರತಾ ಸಂಶೋಧಕರು ಎಚ್ಚರಿಸಿದ್ದರು. ಕುಬರ್ನೆಟೀಸ್ ಯೋಜನೆಯ ಪ್ರೌ ಎಂಬ ವ್ಯವಸ್ಥೆ ಇದಕ್ಕೆ ನೇರವಾದ ಪರಿಹಾರ ಕಂಡುಕೊಂಡಿದೆ: ‘ಎಲ್‌ಜಿಟಿಎಂ’ ಎಂಬ ಒಪ್ಪಿಗೆಯ ಲೇಬಲ್ ಬಿದ್ದ ಮೇಲೆ ಹೊಸ ಕಮಿಟ್, ಅಂದರೆ ದಾಖಲಾದ ಹೊಸ ತಿದ್ದುಪಡಿ, ಬಂದರೆ ಲೇಬಲ್ ತಾನಾಗಿ ಕಳಚಿ ಬೀಳುತ್ತದೆ. ಒಪ್ಪಿಗೆ ಆ ಪಠ್ಯಕ್ಕೆ ಮಾತ್ರ ಸಂದದ್ದು, ಪಠ್ಯ ಬದಲಾದರೆ ಒಪ್ಪಿಗೆಯೂ ಹೋಯಿತು.

ವರ್ದಿಯಲ್ಲಿ ಇದೇ ಕೆಲಸವನ್ನು ಮಾಡುವುದು ಸ್ಕ್ಯಾನ್. ಅರ್ಜಿ, ಆಧಾರದ ಕಾಗದ, ನೋಟಿಸಿನ ಪ್ರತಿ ಎಲ್ಲವೂ ಭೂಮಿಯೊಳಗೆ ಚಿತ್ರವಾಗಿ ಸೇರುತ್ತವೆ. ನೋಟಿಸು ಹೊರಟ ಮೇಲೆ ಅರ್ಜಿಯಲ್ಲಿ 2 ಎಕರೆ ಇದ್ದದ್ದು 3 ಎಕರೆ ಆಗಲಾರದು. ಹಿಸ್ಸೆ ಒಡೆದು ಮಾರುವಾಗ 11-ಇ ನಕ್ಷೆ ಮೊದಲೇ ಆಗಬೇಕೆಂಬ ನಿಯಮದ ಹಿಂದೆಯೂ ಇದೇ ವಿವೇಕ ಇದೆ: ಯಾವ ತುಂಡು ನೆಲದ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ನೋಂದಣಿಗೆ ಮೊದಲೇ ಗೆರೆ ಎಳೆದು ನಿಂತಿರಬೇಕು. ನೋಂದಣಿಯ ಕಾವೇರಿ ತಂತ್ರಾಂಶದಿಂದ ಭೂಮಿಗೆ ಬರುವ ಜೆ-ಸ್ಲಿಪ್ಪು ಹೀಗೆ ಗೆರೆ ಎಳೆದ ಸಂಗತಿಯನ್ನೇ ಹೊತ್ತು ತರುತ್ತದೆ. ಏಜೆಂಟಿಗೆ ಕೆಲಸ ಕೊಡುವವರು ಇಷ್ಟನ್ನಾದರೂ ಮಾಡಬೇಕು. ಲೇಬಲ್ ಬಿದ್ದ ಕ್ಷಣದ ಪಠ್ಯವನ್ನು ಘಟನೆಯ ಜತೆಗೇ ಬಂದ ಪ್ರತಿಯಿಂದ ಓದಿಸಬೇಕು, ಆಮೇಲೆ ತಿದ್ದಿದ ಇಶ್ಯೂವನ್ನೂ ಆಮೇಲೆ ಬಂದ ಪ್ರತಿಕ್ರಿಯೆಗಳನ್ನೂ ಯಂತ್ರಕ್ಕೆ ತೋರಿಸಬಾರದು, ಪಠ್ಯ ಬದಲಾಗಿದ್ದರೆ ಲೇಬಲ್ ಕಿತ್ತು ಮತ್ತೆ ಮನುಷ್ಯನ ಮುಂದೆ ಇಡಬೇಕು.

ಸರದಿಯ ಮಾತು ಚಿಕ್ಕದು, ಆದರೆ ತಾಂತ್ರಿಕವಾಗಿ ಬಹಳ ಸ್ಪಷ್ಟ. ಎರಡು ಏಜೆಂಟುಗಳು ‘ಸಿದ್ಧ’ ಎಂಬ ಲೇಬಲ್ ಇರುವ ಇಶ್ಯೂಗಳನ್ನು ಹುಡುಕುತ್ತಿವೆ ಎಂದುಕೊಳ್ಳಿ. ಒಂದೇ ಕ್ಷಣಕ್ಕೆ ಎರಡೂ ಒಂದೇ ಇಶ್ಯೂವನ್ನು ನೋಡಿ ‘ನಡೆಯುತ್ತಿದೆ’ ಎಂದು ಹಚ್ಚುತ್ತವೆ. ಈಗಾಗಲೇ ಇರುವ ಲೇಬಲ್ಲನ್ನು ಮತ್ತೆ ಹಚ್ಚಿದರೆ ಗಿಟ್‌ಹಬ್ ತಪ್ಪು ಎನ್ನುವುದಿಲ್ಲ. ಎರಡಕ್ಕೂ ಗೆದ್ದೆನೆಂದೇ ತೋರುತ್ತದೆ. ಎರಡು ಯಂತ್ರ, ಒಂದೇ ಕೆಲಸ, ಒಂದಕ್ಕೊಂದು ಹೊಂದದ ಎರಡು ತಿದ್ದುಪಡಿ. ಲೇಬಲ್ ಸೂಚನೆಯಾಗಬಲ್ಲದು, ಬೀಗವಾಗಲಾರದು. ಬೀಗ ಬೇಕಿದ್ದರೆ ಇಶ್ಯೂ ಸಂಖ್ಯೆಯ ಹೆಸರಿನ ಬ್ರಾಂಚನ್ನು ಸೃಷ್ಟಿಸುವುದನ್ನೇ ಬೀಗವಾಗಿಸಬಹುದು, ಏಕೆಂದರೆ ಅದೇ ಹೆಸರಿನ ಬ್ರಾಂಚ್ ಇದ್ದರೆ ಎರಡನೆಯ ಕೋರಿಕೆ ತಿರಸ್ಕೃತವಾಗುತ್ತದೆ. ಇಲ್ಲವೇ ಕೆಲಸ ಹಂಚುವುದನ್ನು ಒಂದೇ ಕೈಗೆ ಕೊಡಬೇಕು. ಭೂಮಿ ಆರಿಸಿಕೊಂಡದ್ದು ಎರಡನೆಯ ದಾರಿ: ಮುಂದಿನ ಅರ್ಜಿ ಯಾವುದೆಂದು ನೌಕರ ಆರಿಸುವುದಿಲ್ಲ, ಸರದಿಯೇ ಅವನ ಮುಂದೆ ತಂದಿಡುತ್ತದೆ. ಲಂಚಕ್ಕೆ ಕಡಿವಾಣ ಹಾಕಲೆಂದು ಮಾಡಿದ ಏರ್ಪಾಡು ಎರಡು ಕೈಗಳು ಒಂದೇ ಕೆಲಸಕ್ಕೆ ಬೀಳುವುದನ್ನೂ ತಪ್ಪಿಸಿತು.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ವಿವರ, ಹೊಸಬರು ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವಂಥದು. ಗಿಟ್‌ಹಬ್ ಆಕ್ಷನ್ಸ್ ತಾನೇ ಕೊಡುವ ಟೋಕನ್ ಬಳಸಿ ಏಜೆಂಟ್ ಲೇಬಲ್ ಹಚ್ಚಿದರೆ ಆ ಲೇಬಲ್ಲಿನಿಂದ ಮುಂದಿನ ಕೆಲಸ ಶುರುವಾಗುವುದಿಲ್ಲ. ಯಂತ್ರ ಯಂತ್ರವನ್ನು ಕರೆದು ಕೊನೆಯಿಲ್ಲದ ಸುತ್ತಿಗೆ ಬೀಳಬಾರದೆಂದು ಮಾಡಿದ ನಿರ್ಬಂಧ ಅದು. ಬೇರೆ ಟೋಕನ್ ಕೊಟ್ಟು ಈ ನಿರ್ಬಂಧವನ್ನು ದಾಟಬಹುದು, ಬಹಳ ಮಂದಿ ದಾಟುತ್ತಾರೆ. ದಾಟುವ ಮುನ್ನ ಎಲ್ಲಿ ಮನುಷ್ಯನ ಕೈ ಬೇಕೇ ಬೇಕು ಎಂಬುದನ್ನು ಬರೆದಿಟ್ಟುಕೊಳ್ಳಬೇಕೆಂದು ಮಾತ್ರ ಹೇಳುತ್ತೇನೆ.

ತಕರಾರು ನನ್ನ ಮಟ್ಟಿಗೆ ಈ ಇಡೀ ಹೋಲಿಕೆಯ ತಿರುಳು. ವರ್ದಿಯ ಎಲ್ಲ ಹಂತಗಳು ಕಚೇರಿಯವರ ಕೈಯಲ್ಲಿವೆ, ಇದೊಂದು ಮಾತ್ರ ಊರವರ ಕೈಯಲ್ಲಿದೆ. ತಂಗಿಯ ಪಾಲು ಬಿಟ್ಟು ಅಣ್ಣ ಹೊಲ ಮಾರಿದರೆ ತಂಗಿ ಒಂದು ತಕರಾರು ಅರ್ಜಿ ಕೊಡಬಹುದು. ಅವಳು ಆ ಗಳಿಗೆಯಲ್ಲಿ ತನ್ನ ಹಕ್ಕನ್ನು ಸಾಬೀತು ಮಾಡಬೇಕಿಲ್ಲ, ಆಕ್ಷೇಪಣೆ ಇದೆ ಎಂದರೆ ಸಾಕು. ಅದರ ಪರಿಣಾಮ ಎರಡು. ಕಂದಾಯ ನಿರೀಕ್ಷಕರ ಕೈ ನಿಲ್ಲುತ್ತದೆ, ಮತ್ತು ಪ್ರಕರಣ ಮೇಜು ಬದಲಿಸಿ ವಿಚಾರಣೆಯ ಅಧಿಕಾರ ಇರುವ ತಹಶೀಲ್ದಾರರ ಮುಂದೆ ಹೋಗುತ್ತದೆ. ಅವರ ಆದೇಶದ ಮೇಲೆ ಉಪವಿಭಾಗಾಧಿಕಾರಿಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ ಹೋಗಲು 136ನೇ ಕಲಮು ದಾರಿ ಕೊಡುತ್ತದೆ. ಇಂಡಿ, ಸಿಂದಗಿಯವರು ಇಂಡಿಯ ಉಪವಿಭಾಗಕ್ಕೆ ಹೋದರೆ ಮುದ್ದೇಬಿಹಾಳ, ಬಾಗೇವಾಡಿಯವರು ವಿಜಯಪುರಕ್ಕೆ ಹೋಗುತ್ತಾರೆ. ತಕರಾರು ಹಾಕುವ ಬಾಗಿಲು ಅಗಲವಾಗಿದೆ, ಅದನ್ನು ತೆಗೆಯುವ ಬಾಗಿಲು ಕಿರಿದಾಗಿದೆ. ಈ ಅಸಮಾನತೆ ಬೇಕೆಂದೇ ಮಾಡಿದ್ದು.

ಏಜೆಂಟುಗಳನ್ನು ನಡೆಸುವ ತಂಡಗಳ ಲೇಬಲ್ ಪಟ್ಟಿಯಲ್ಲಿ ‘ಸಿದ್ಧ’, ‘ನಡೆಯುತ್ತಿದೆ’, ‘ಪರಿಶೀಲನೆ’, ‘ಮುಗಿದಿದೆ’ ಎಂಬ ಮುಂದಕ್ಕೆ ಸಾಗುವ ಹೆಸರುಗಳು ಧಾರಾಳವಾಗಿ ಸಿಗುತ್ತವೆ, ನಿಲ್ಲಿಸುವ ಹೆಸರು ಇಲ್ಲದೆ ಹೋಗುತ್ತದೆ ಅಥವಾ ಇದ್ದೂ ಯಂತ್ರ ಅದನ್ನು ಓದುವುದಿಲ್ಲ. ಪ್ರೌ ವ್ಯವಸ್ಥೆಯ ‘ಡು ನಾಟ್ ಮರ್ಜ್, ಹೋಲ್ಡ್’ ಎಂಬ ಲೇಬಲ್ ತಕರಾರಿಗೆ ಬಹಳ ಹತ್ತಿರದ್ದು. ಯಾರು ಬೇಕಾದರೂ ಒಂದು ಆಜ್ಞೆಯಿಂದ ಅದನ್ನು ಹಚ್ಚಬಹುದು, ಹಚ್ಚಿರುವ ತನಕ ಕೋಡ್ ಸೇರುವುದಿಲ್ಲ. ಆದರೆ ತೆಗೆಯುವುದಕ್ಕೂ ಅಷ್ಟೇ ಸುಲಭದ ಆಜ್ಞೆ ಸಾಕು. ಒಬ್ಬರನ್ನೊಬ್ಬರು ಬಲ್ಲ ಮನುಷ್ಯರ ನಡುವೆ ಇದು ನಡೆದೀತು. ಯಂತ್ರಗಳಿರುವಲ್ಲಿ ಸಾಲದು. ನಿಲ್ಲಿಸುವ ಲೇಬಲ್ಲನ್ನು ಪರಿಣಾಮಕ್ಕೆ ಒಳಗಾಗುವ ಯಾರಾದರೂ ಹಚ್ಚುವಂತಿರಬೇಕು, ಹಚ್ಚಿದೊಡನೆ ಏಜೆಂಟ್ ಅರ್ಧದಲ್ಲೇ ನಿಲ್ಲಬೇಕು, ತೆಗೆಯುವ ಹಕ್ಕು ಹೆಸರಿಸಿದ ಒಬ್ಬ ಮನುಷ್ಯನಿಗೆ ಮಾತ್ರ ಇರಬೇಕು. ಯಂತ್ರಕ್ಕೆ ತಕರಾರು ಹಾಕುವ ಹಕ್ಕನ್ನು ಕೊಡಬಹುದು, ‘ಇದು ನನಗೆ ತಿಳಿಯುತ್ತಿಲ್ಲ’ ಎಂದು ತಾನೇ ನಿಲ್ಲಿಸುವ ಏಜೆಂಟ್ ಒಳ್ಳೆಯ ಏಜೆಂಟ್. ತಕರಾರು ತೆಗೆಯುವ ಹಕ್ಕನ್ನು ಯಂತ್ರಕ್ಕೆ ಎಂದೂ ಕೊಡಬಾರದು.

ದಾಖಲೆಯ ಜಾಡಿನ ಬಗ್ಗೆ ಉತಾರವೇ ಹೇಳುತ್ತದೆ. ಪಹಣಿಯ 9ನೇ ಕಾಲಮಿನಲ್ಲಿ ಕಬ್ಜೆದಾರರ ಹೆಸರು, 10ರಲ್ಲಿ ಆ ಹೆಸರು ಯಾವ ಬಗೆಯಿಂದ ಬಂತೆಂಬ ಆಧಾರ ಮತ್ತು ಎಂ.ಆರ್. ಸಂಖ್ಯೆ (ಹಕ್ಕು ಬದಲಾವಣೆಯ ಪುಸ್ತಕದ ಸಂಖ್ಯೆ), 11ರಲ್ಲಿ ಋಣ ಮತ್ತು ಇತರ ಹಕ್ಕು, ಅಂದರೆ ನಮ್ಮಲ್ಲಿ ಬೋಜಾ ಎನ್ನುವುದು. 9ರಲ್ಲಿ ಒಂದು ಹೆಸರು ಬರಬೇಕಾದರೆ 10ರಲ್ಲಿ ಅದರ ಹುಟ್ಟು ಇರಬೇಕು. ಆ ಸಂಖ್ಯೆ ಹಿಡಿದು ಹೋದರೆ ವರ್ದಿ ಸಿಗುತ್ತದೆ, ವರ್ದಿಯಿಂದ ನೋಟಿಸು, ತಕರಾರು ಇದ್ದರೆ ಆದೇಶ. ಕೋಡಿನ ಪ್ರತಿ ಸಾಲಿಗೂ ಗಿಟ್ ಇಂಥ ಜಾಡನ್ನು ಇಟ್ಟಿದೆ, ಯಾವ ಕಮಿಟ್ಟಿನಲ್ಲಿ ಯಾರು ಬರೆದರೆಂದು ತೋರಿಸುತ್ತದೆ. ಆದರೆ ಎ.ಐ. ಏಜೆಂಟ್ ಬರೆದ ಸಾಲಿಗೆ ‘ಯಾರು ಬರೆದರು’ ಎಂಬ ಉತ್ತರದಿಂದ ಪ್ರಯೋಜನ ಕಡಿಮೆ. ಯಾರು ಹಚ್ಚಿದ ಲೇಬಲ್ಲಿನಿಂದ ಬರೆಯಿತು, ಯಾರು ಒಪ್ಪಿದರು ಎಂಬುದು ಬೇಕು. ಇಶ್ಯೂವಿನ ಟೈಮ್‌ಲೈನಿನಲ್ಲಿ ಲೇಬಲ್ ಹಚ್ಚಿದ, ತೆಗೆದ ಪ್ರತಿ ಸಂಗತಿ ಹೆಸರು, ಗಳಿಗೆಗಳೊಂದಿಗೆ ಇರುತ್ತದೆ. ಇಶ್ಯೂ ಸಂಖ್ಯೆಯನ್ನು ಕಮಿಟ್ಟಿನಲ್ಲಿ ಬರೆಯದಿದ್ದರೆ ಆ ಕೊಂಡಿಯೇ ಕಳಚುತ್ತದೆ. 10ನೇ ಕಾಲಮು ಖಾಲಿ ಇರುವ ಉತಾರದ ಮೇಲೆ ಯಾವ ಬ್ಯಾಂಕೂ ಸಾಲ ಕೊಡಲು ಮುಂದೆ ಬರಲಾರದು. ಸಂಖ್ಯೆ ಇಲ್ಲದ ಕಮಿಟ್ಟನ್ನೂ ತಂಡ ಹಾಗೆಯೇ ಕಾಣಬೇಕು.

ಹೋಲಿಕೆಯ ಮಿತಿಗಳನ್ನು ಮರೆಮಾಡುವುದು ಸರಿಯಲ್ಲ. 133ನೇ ಕಲಮಿನ ಪ್ರಕಾರ ದಾಖಲೆಯ ನಮೂದು ಬೇರೆಯದು ಸಾಬೀತಾಗುವ ತನಕ ಸತ್ಯವೆಂದೇ ಭಾವಿಸಬೇಕು. ಭಾವಿಸಬೇಕಾದದ್ದು ಒಂದು, ಇರುವುದು ಇನ್ನೊಂದು ಆಗಿರಬಹುದೆಂಬುದನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹೂಳು ತುಂಬಿದ ಡೋಣಿ ಹೊಳೆ ಮಳೆಗಾಲದಲ್ಲಿ ಎರಿ ಹೊಲಕ್ಕೆ ನುಗ್ಗಿ ಬದು ಮುಚ್ಚಿ ಹೋದರೂ ಉತಾರದಲ್ಲಿ ಎಕರೆ, ಗುಂಟೆ ಹಾಗೆಯೇ ಇರುತ್ತವೆ. ಮೂರು ತಿಂಗಳೊಳಗೆ ವರ್ದಿ ಕೊಡಬೇಕೆಂಬ ನಿಯಮವಿದ್ದರೂ ಅಜ್ಜನ ಹೆಸರಿನಲ್ಲೇ ಹೊಲ ನಿಂತಿರುವ ಮನೆಗಳು ಎಷ್ಟೋ. ಅದಕ್ಕಾಗಿಯೇ ಸರ್ಕಾರ ಮೇಲಿಂದ ಮೇಲೆ ಪೌತಿ ಖಾತೆಯ ಆಂದೋಲನ ನಡೆಸಬೇಕಾಗಿ ಬಂದಿದೆ. ಲೇಬಲ್ ಬದಲಾಗಲಿಲ್ಲ ಎಂದ ಮಾತ್ರಕ್ಕೆ ನೆಲದ ಮೇಲೆ ಏನೂ ಬದಲಾಗಿಲ್ಲ ಎಂದಲ್ಲ. ‘ನಡೆಯುತ್ತಿದೆ’ ಎಂಬ ಲೇಬಲ್ ಹೊತ್ತ ಇಶ್ಯೂವಿನ ಹಿಂದಿನ ಏಜೆಂಟ್ ಯಾವಾಗಲೋ ಕುಸಿದು ಬಿದ್ದಿರಬಹುದು. ಹಂತದ ಲೇಬಲ್ಲಿಗೆ ಅವಧಿ ಇರಬೇಕು, ಅವಧಿ ಮೀರಿದರೆ ಮನುಷ್ಯನ ಮೇಜಿಗೆ ಮರಳಬೇಕು. ಪರೀಕ್ಷೆಗಳೆಲ್ಲ ಪಾಸಾದ ಕೋಡ್ ಕೂಡ ಕೇಳಿದ್ದನ್ನು ಬಿಟ್ಟು ಬೇರೇನನ್ನೋ ಮಾಡಿರಬಹುದು.

ಇನ್ನೊಂದು ಮಿತಿ ಅಧಿಕಾರಕ್ಕೆ ಸಂಬಂಧಿಸಿದ್ದು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊರ ಮಟ್ಟದಲ್ಲಿದ್ದ ದಾಖಲೆಯ ಕೆಲಸವನ್ನು ಭೂಮಿ ಮೇಲಕ್ಕೆ ಎಳೆದುಕೊಂಡದ್ದರಿಂದ ದೊಡ್ಡ ಖರೀದಿದಾರರಿಗೆ ಅನುಕೂಲವಾಯಿತೆಂದು ವಾದಿಸಿದರು. ಅವರ ಎಲ್ಲ ತೀರ್ಮಾನಗಳನ್ನು ಒಪ್ಪದಿದ್ದರೂ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಹಂತಗಳನ್ನು ಗಟ್ಟಿಯಾಗಿ ಕಟ್ಟಿದಾಗ ಹಂತಗಳನ್ನು ಬಲ್ಲವನ ಬಲ ಹೆಚ್ಚುತ್ತದೆ. ಲೇಬಲ್ಲುಗಳ ಗುಟ್ಟು ಇಬ್ಬರು ಎಂಜಿನಿಯರುಗಳಿಗೆ ಮಾತ್ರ ಗೊತ್ತಿರುವ ತಂಡದಲ್ಲಿಯೂ ಅದೇ ಆಗುತ್ತದೆ. ಹೊಸಬರು ಇಶ್ಯೂ ಬರೆದು ಕಾಯುತ್ತಾರೆ, ಯಾವ ಚೀಟಿ ಬಿದ್ದರೆ ಯಂತ್ರ ಏಳುತ್ತದೆಂದು ಅವರಿಗೆ ತಿಳಿಯುವುದಿಲ್ಲ. ಪ್ರತಿ ಲೇಬಲ್ಲಿಗೂ 100 ಅಕ್ಷರಗಳ ವಿವರಣೆ ಬರೆಯಲು ಗಿಟ್‌ಹಬ್ ಜಾಗ ಕೊಟ್ಟಿದೆ. ಯಾರು ಹಚ್ಚಬಹುದು, ಯಾರು ತೆಗೆಯಬಹುದು ಎಂಬೆರಡು ಸಂಗತಿಗೆ ಅಷ್ಟು ಧಾರಾಳ ಸಾಕು.

ಲೇಬಲ್ಲಿನ ಹೆಸರು ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ವರ್ದಿ, ನೋಟಿಸ್, ತಕರಾರು, ಮಂಜೂರು, ಉತಾರಕ್ಕೆ ಏರಿದೆ ಎಂಬ ಐದು ಲೇಬಲ್ಲುಗಳನ್ನು ಕನ್ನಡದಲ್ಲೇ ಇಟ್ಟು ಒಂದು ಏಜೆಂಟನ್ನು ನಡೆಸಬಹುದು. ವರ್ದಿಯನ್ನು ಯಾರಾದರೂ ಬರೆಯಲಿ, ನೋಟಿಸ್ ಹಚ್ಚುವುದು ಪರಿಶೀಲಿಸಿದ ಸದಸ್ಯ, ಏಜೆಂಟ್ ಕರಡು ಬರೆಯುವುದು ನೋಟಿಸಿನ ಅವಧಿಯಲ್ಲಿ, ತಕರಾರು ಯಾರದಾದರೂ ಆಗಬಹುದು, ಮಂಜೂರು ಬೇರೆ ಸದಸ್ಯನದು, ಉತಾರಕ್ಕೆ ಏರಿಸುವುದು ಮತ್ತೆ ಯಂತ್ರದ ಕೆಲಸ. ವಿಜಯಪುರದ ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜಿನಲ್ಲಾಗಲಿ, ಈ ನಾಲ್ಕು ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಾಗಲಿ ಗಣಕ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳಿಗೆ ಇದು ಒಂದು ಸೆಮಿಸ್ಟರಿನ ಯೋಜನೆಗೆ ತಕ್ಕ ಕೆಲಸ. ಕೈ ಹಚ್ಚುವ ಮುನ್ನ ಮನೆಯ ಟ್ರಂಕಿನಲ್ಲಿರುವ ಉತಾರವನ್ನು ಹೊರಗೆ ತೆಗೆಯಿರಿ. ಅದರ 10ನೇ ಕಾಲಮಿನ ಎಂ.ಆರ್. ಸಂಖ್ಯೆಯನ್ನು ಹಿಡಿದು, ಆ ಹೆಸರು ಅಲ್ಲಿಗೆ ಯಾವ ವರ್ದಿಯಿಂದ, ಯಾರ ಮಂಜೂರಿಯಿಂದ ಬಂತೆಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಆಮೇಲೆ ಮೊದಲ ಲೇಬಲ್ಲನ್ನು ಮಾಡಿ.